ಬೋಂಡಾ ಮತ್ತು ಕೊರಳ ಕ್ಯಾಮೆರಾ

ನಮ್ಮ ಮೂವರ ಸಂಜೆಯ ವಾಯುವಿಹಾರ ಬೋಂಡಾ ಅಂಗಡಿಯ ಮುಂದೆ ಮುಗಿಯುತ್ತದೆ. ಮಧುಮೇಹದ ವೈದ್ಯರು ವಿಚಾರಿಸಿದಾಗ ಮಾತ್ರ ಅದು ಕೆರೆಗೆ ನಾಲ್ಕು ಸುತ್ತು ಆಗಿಬಿಡುತ್ತದೆ.

"ಬಾಯಿಮಾತಿನ ಲೆಕ್ಕ ಹೀಗಿರುತ್ತದೆಂದೇ ಸಂಶೋಧಕರು ಜನರ ಕೊರಳಿಗೆ ಕ್ಯಾಮೆರಾ ತೂಗುಹಾಕಿದ್ದು" ಎಂದರು ಮೇಷ್ಟರು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ವೆಲ್ಲಿಂಗ್ಟನ್ ಸೀಮೆಯ 168 ಮಕ್ಕಳಿಗೆ ನಾಲ್ಕು ದಿನ ಹೀಗೆ ತೊಡಿಸಿದ್ದರಂತೆ. ಏಳು ಸೆಕೆಂಡಿಗೊಂದು ಚಿತ್ರ. ಕುರುಕಲು ತಿಂಡಿಯ ಜಾಹೀರಾತು ಒಂದು ಮಗುವಿನ ಎದುರಿಗೆ ದಿನಕ್ಕೆ ಸರಾಸರಿ 27 ಸಲ ಬರುತ್ತದೆಂದು ತಿಳಿದದ್ದು ಹಾಗೆಯೇ.

ಗೌಡರು ಬೋಂಡಾವನ್ನು ಹಳೆಯ ಪತ್ರಿಕೆಯ ನಡುವೆ ಇಟ್ಟು ಅಂಗೈಯಿಂದ ಒತ್ತಿದರು. ಎಣ್ಣೆ ಹೋಯಿತು, ಉಳಿದದ್ದು ಆಲೂಗಡ್ಡೆ, ಅಂದರೆ ತರಕಾರಿ ಎಂಬುದು ಅವರ ಸಿದ್ಧಾಂತ. "ಬಚ್ಚಲಿಗೂ ಆ ಕ್ಯಾಮೆರಾ ಕಟ್ಟಿಕೊಂಡೇ ಹೋಗಬೇಕೆ?"

"ಕಳಚಿಡಬಹುದು. ಮೊದಲು ಬಂದ ಸೆನ್ಸ್‌ಕ್ಯಾಮ್‌ನಲ್ಲಂತೂ ಗುಂಡಿ ಒತ್ತಿದರೆ ಏಳು ನಿಮಿಷ ಅದು ಕಣ್ಣು ಮುಚ್ಚುತ್ತಿತ್ತು."

"ಏಳು ನಿಮಿಷವೆ! ಐದು ಬೋಂಡಾ ಆಯಿತು."

"ಅಷ್ಟು ಅವಸರವೇಕೆ? 2013ರಲ್ಲಿ ಸಂಶೋಧಕರೇ ಬರೆದ ನೀತಿಚೌಕಟ್ಟಿದೆ. ಅವರಿಗಿಂತ ಮೊದಲು ನೀವು ಚಿತ್ರ ನೋಡಿ, ಬೇಡವಾದದ್ದನ್ನು ಅಳಿಸಬಹುದು."

"ಹಾಗಾದರೆ ಗೌಡರ ಪಾಲಿಗೆ ಉಳಿಯುವುದು ಕೆರೆ, ಎರಡು ಕೊಕ್ಕರೆ" ಎಂದೆ. ಅಧ್ಯಯನ ಕೆಟ್ಟರೂ ನನಗೆ ಆ ನಿಯಮವೇ ಸರಿ ಎನ್ನಿಸಿತು. ಬಚ್ಚಿಡುವ ಹಕ್ಕಿಲ್ಲದವನು ಕೊಟ್ಟ ಒಪ್ಪಿಗೆಗೆ ಏನು ಬೆಲೆ? ಕಾಡಿದ್ದು ಬೇರೆ ಪ್ರಶ್ನೆ. ಸಹಿ ಹಾಕುವವರು ಗೌಡರು, ಚಿತ್ರದಲ್ಲಿ ಬೀಳುವವರು ಅವರ ಎದುರಿಗಿರುವ ನಾವು.

ಮೇಷ್ಟರು ಎದೆಯುಬ್ಬಿಸಿದರು. "ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲೇ ಅಲ್ಲವೆ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ್ದು? ಆ ನೀತಿಚೌಕಟ್ಟಿನಲ್ಲೂ ಅಷ್ಟೇ, ಎದುರಿಗಿದ್ದವರು ಬೇಡವೆಂದರೆ ಕ್ಯಾಮೆರಾ ತೆಗೆಯಬೇಕು."

ಅಲ್ಲಿಯವರೆಗೆ ಜಾಲರಿಸೌಟು ಆಡಿಸುತ್ತ ಸುಮ್ಮನಿದ್ದ ಅಂಗಡಿಯಮ್ಮ ತಲೆಯೆತ್ತಿದರು. "ನನ್ನ ಮುಖವೂ ಬೀಳುತ್ತದೆಯೆ ಸ್ವಾಮಿ?"

"ಹೆದರಬೇಡಿ ಅಮ್ಮ, ಅಚ್ಚು ಹಾಕುವುದಿದ್ದರೆ ಮುಖ ಮಸುಕು ಮಾಡುತ್ತಾರೆ."

"ಮುಖವನ್ನು ಏನಾದರೂ ಮಾಡಿಕೊಳ್ಳಲಿ. ಹಿಂದಿನ ಗೋಡೆಯ ಮೇಲೆ ಗೌಡರ ಸಾಲದ ಲೆಕ್ಕ ಬರೆದಿದ್ದೇನೆ. ಅದು ಮಾತ್ರ ಸ್ಪಷ್ಟವಾಗಿ ಬರಲಿ."

ಗೌಡರ ಹೆಬ್ಬೆರಳು ಅಂಗಿಯ ಮೇಲೆ ಇಲ್ಲದ ಗುಂಡಿಯೊಂದನ್ನು ಹುಡುಕತೊಡಗಿತು.