ಸಹಾಯ ಬೇಕು: ಹಳೇ ಟ್ರ್ಯಾಕ್ಟರಿನ ಗೇರ್ ತುಂಬಾ ಬಿಗಿ

ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪನ ಕಾಲದ 35 ಎಚ್‌ಪಿ ಟ್ರ್ಯಾಕ್ಟರ್ ಮಳೆಗಾಲ ಪೂರ್ತಿ ಕೊಟ್ಟಿಗೆ ಪಕ್ಕ ನಿಂತಿತ್ತು. ಈಗ ಅಡಿಕೆ ಕೊಯ್ಲು ಶುರು. ಗೊನೆ ಸಾಗಿಸಲು ಹೊರಗೆ ತೆಗೆದರೆ ಗೇರ್ ಬೀಳುವುದೇ ಕಷ್ಟ.

ಇಂಜಿನ್ ಬಂದ್ ಇದ್ದಾಗ ಎಲ್ಲಾ ಗೇರೂ ಸಲೀಸಾಗಿ ಬೀಳುತ್ತವೆ. ಸ್ಟಾರ್ಟ್ ಮಾಡಿದ ಮೇಲೆ ಮಾತ್ರ ಬಿಗಿ. ಕ್ಲಚ್ ಪೂರ್ತಿ ಒತ್ತಿದರೂ ರಿವರ್ಸ್ ಹಾಕುವಾಗ ಕರ್ರ್ ಅಂತ ಹಲ್ಲು ಉಜ್ಜುವ ಸದ್ದು. ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪೆಡಲ್ ಮೂರು ಬೆರಳಿನಷ್ಟು ಸುಮ್ನೆ ಕೆಳಗೆ ಹೋಗಿ ಆಮೇಲೆ ಹಿಡಿಯುತ್ತದೆ. ಹಾಗಾಗಿ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ ಅಂತ ನನ್ನ ಅನುಮಾನ. ಥಂಡಿಗೆ ಪ್ಲೇಟಿಗೂ ತುಕ್ಕು ಹಿಡಿದಿರಬಹುದು, ಅಲ್ವಾ?

ಇನ್ನೊಂದು ವಿಷಯ. ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಿದೆ, ಹಾಲು ಹಾಕಿದ ಚಹಾದ ಬಣ್ಣ! ಲಿವರ್ ಬುಡದ ರಬ್ಬರ್ ಹರಿದಿದೆ, ಅಲ್ಲಿಂದಲೇ ಮಳೆನೀರು ಇಳಿದಿರಬೇಕು. ರಬ್ಬರ್ ಬದಲಿಸಿ ಹೊಸ 80-90 ಆಯಿಲ್ ಹಾಕುತ್ತೇನೆ.

ಮೆಕ್ಯಾನಿಕ್ ಕ್ಲಚ್ ನೋಡಲು ಟ್ರ್ಯಾಕ್ಟರನ್ನು ನಡುವೆ ಬಿಚ್ಚಲೇಬೇಕು ಅನ್ನುತ್ತಾರೆ. ಅದಕ್ಕೂ ಮೊದಲು ಕ್ಲಚ್ ರಾಡ್ ಅಡ್ಜಸ್ಟ್ ಮಾಡಿ ನೋಡಬಹುದಾ? ಪೆಡಲ್ ಆಟ (ಹಿಡಿಯುವ ಮೊದಲು ಸುಮ್ನೆ ಕೆಳಗೆ ಹೋಗುವಷ್ಟು) ಎಷ್ಟು ಇಡಬೇಕು? ಬಿಚ್ಚದೇ ಸರಿ ಮಾಡಿಕೊಂಡವರು ಇದ್ದರೆ ದಯವಿಟ್ಟು ಹೇಳಿ. ಶಿರಸಿ, ಸಿದ್ದಾಪುರ ಕಡೆ ಮನೆಗೇ ಬರುವ ಅನುಭವಿ ಮೆಕ್ಯಾನಿಕ್ ಗೊತ್ತಿದ್ದರೂ ತಿಳಿಸಿ.