ಕೋಟಿಗಟ್ಟಲೆ ಉದಾಹರಣೆಗಳಿದ್ದರೂ ಗಣಿತದಲ್ಲಿ ಸಾಧನೆ (ತರ್ಕಬದ್ಧ ರುಜುವಾತು) ಏಕೆ ಬೇಕು?

ಪ್ರಶ್ನೆ: ಗಣಿತ ಶಿಕ್ಷಕಿ, ಪೊನ್ನಂಪೇಟೆ

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯಲ್ಲಿ 2ರ ವರ್ಗಮೂಲವು ಅಭಾಗಲಬ್ಧ ಸಂಖ್ಯೆ (ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ) ಎಂಬುದನ್ನು ಸಾಧಿಸಿ ಮುಗಿಸಿದ ಮೇಲೆ, ಗಣಿತದಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆಗಳಿವೆ ಎನ್ನುತ್ತ ಗೋಲ್ಡ್‌ಬಾಕ್ ಊಹೆಯನ್ನು ಮಕ್ಕಳಿಗೆ ತಿಳಿಸಿದೆ. 2ಕ್ಕಿಂತ ದೊಡ್ಡದಾದ ಪ್ರತಿಯೊಂದು ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ ಎಂಬ ಈ ಮಾತು 1742ರಷ್ಟು ಹಳೆಯದು. 4ರ ಮುಂದೆ 18 ಸೊನ್ನೆಗಳನ್ನು ಬರೆದರೆ ಬರುವ ಸಂಖ್ಯೆಯವರೆಗೆ ಕಂಪ್ಯೂಟರ್‌ಗಳು ಅದನ್ನು ಪರೀಕ್ಷಿಸಿವೆ. ಆಗ ವಿದ್ಯಾರ್ಥಿನಿಯೊಬ್ಬಳು, ಇಷ್ಟು ನೋಡಿದ ಮೇಲೂ ನಂಬುವುದಕ್ಕೆ ಏನು ಅಡ್ಡಿ, ಅದಕ್ಕಾಗಿ ಜನ ಇಡೀ ಆಯುಷ್ಯವನ್ನು ಏಕೆ ಸವೆಸಬೇಕು ಎಂದು ಕೇಳಿದಳು. ನಾನು ಕೊಟ್ಟ ಉತ್ತರ ಅವಳಿಗೆ ಸಾಲದಾಯಿತು, ನನಗೂ ಸಾಲದಾಯಿತು. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಉಪನ್ಯಾಸಕ, ಮಡಿಕೇರಿ

ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು ಮೇಡಂ. ಅವಳಿಗೆ n² + n + 41 ಎಂಬ ಸೂತ್ರವನ್ನು ಕೊಟ್ಟು, n ಜಾಗದಲ್ಲಿ 0, 1, 2 ಎಂದು ಹಾಕುತ್ತ ಹೋಗಲು ಹೇಳಿ. 39ರವರೆಗೆ ಬರುವುದೆಲ್ಲ ಅವಿಭಾಜ್ಯ ಸಂಖ್ಯೆಗಳೇ. 40ನ್ನು ಹಾಕಿದ ಕೂಡಲೇ 1681 ಬರುತ್ತದೆ, ಅದು 41ರ ವರ್ಗ.

ನಲವತ್ತು ಉದಾಹರಣೆ ಕಡಿಮೆಯಾಯಿತು ಎಂದು ಅವಳು ವಾದಿಸಬಹುದು. ಹಾಗಾದರೆ 1919ರಲ್ಲಿ ಪೋಲ್ಯಾ ಮುಂದಿಟ್ಟ ಊಹೆಯನ್ನು ಹೇಳಿ. 2ರಿಂದ ಮೇಲೆ ಯಾವ ಮಿತಿಯವರೆಗೆ ಎಣಿಸಿದರೂ, ಅವಿಭಾಜ್ಯ ಅಪವರ್ತನಗಳ ಎಣಿಕೆ (8 = 2 × 2 × 2 ಆದ್ದರಿಂದ ಅದಕ್ಕೆ ಮೂರು) ಬೆಸವಾಗಿರುವ ಸಂಖ್ಯೆಗಳು ಸಮವಾಗಿರುವವುಗಳಿಗಿಂತ ಕಡಿಮೆಯಾಗವು ಎಂಬುದು ಅದರ ಸಾರ. 1958ರಲ್ಲಿ ಹ್ಯಾಸೆಲ್‌ಗ್ರೋವ್ ಅದು ಸುಳ್ಳೆಂದು ಸಾಧಿಸಿದರು. ಅದು ಮೊಟ್ಟಮೊದಲು ಮುರಿದುಬೀಳುವುದು 90,61,50,257ರಲ್ಲಿ ಎಂಬುದು 1980ರಲ್ಲಿ ತಿಳಿಯಿತು. ಅಲ್ಲಿಯವರೆಗಿನ ತೊಂಬತ್ತು ಕೋಟಿಗೂ ಹೆಚ್ಚಿನ ಸಂಖ್ಯೆಗಳು ಅದರ ಪರವಾಗಿಯೇ ಸಾಕ್ಷಿ ಹೇಳುತ್ತಿದ್ದವು.

ಉತ್ತರ: ಕಾಫಿ ಬೆಳೆಗಾರ, ಸೋಮವಾರಪೇಟೆ

ನಮ್ಮ ಮನೆಯಲ್ಲಿ ದಿನದಿನದ ಮಳೆಯನ್ನು ಇಂಚುಗಳಲ್ಲಿ ಬರೆದಿಟ್ಟ ಹಳೆಯ ಪುಸ್ತಕಗಳಿವೆ. ಅವನ್ನೆಲ್ಲ ಓದಿದರೂ ಬರುವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಯಾವ ವಾರ ಬಿದ್ದೀತೆಂದು ಹೇಳಲಾಗದು. ತೋಟದಲ್ಲಿ ನಮಗಿರುವುದು ಕಂಡದ್ದರ ಆಧಾರ ಮಾತ್ರ. ಕಾಣದಿರುವುದರ ಬಗ್ಗೆಯೂ ಖಚಿತವಾಗಿ ಮಾತಾಡುವ ಹಕ್ಕು ಗಣಿತಕ್ಕೆ ಇದೆ ಎಂಬುದು ನನಗೆ ವಿದ್ಯಾರ್ಥಿಯಾಗಿದ್ದಾಗಿನಿಂದಲೂ ಬೆರಗಿನ ವಿಷಯ. ಆದರೆ ಒಂದು ಆಕ್ಷೇಪವಿದೆ. ರಾಮಾನುಜನ್ ಅವರ ನೋಟ್‌ಬುಕ್‌ಗಳಲ್ಲಿ ಸಾಧನೆಗಳು ಬಹಳ ವಿರಳ. ಸಾಧಿಸದ ಮಾತಿಗೆ ಬೆಲೆಯಿಲ್ಲವೆಂದರೆ ಅವರನ್ನು ಎಲ್ಲಿಡುತ್ತೀರಿ?

ಉತ್ತರ: ಸಂಶೋಧನಾ ವಿದ್ಯಾರ್ಥಿ, ಊರು ವಿರಾಜಪೇಟೆ

ಬೆಳೆಗಾರರ ಆಕ್ಷೇಪ ನ್ಯಾಯವಾದುದು. ಇದಕ್ಕೆ ಉತ್ತರ ರಾಮಾನುಜನ್ ಅವರ ಬದುಕಿನಲ್ಲಿಯೇ ಇದೆ ಎಂದು ನಾನು ಭಾವಿಸುತ್ತೇನೆ.

ಮದ್ರಾಸ್ ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು 1913ರ ಜನವರಿಯಲ್ಲಿ ಕೇಂಬ್ರಿಡ್ಜ್‌ನ ಗಣಿತಜ್ಞ ಹಾರ್ಡಿಯವರಿಗೆ ಬರೆದ ಪತ್ರದಲ್ಲಿ, ಅವಿಭಾಜ್ಯ ಸಂಖ್ಯೆಗಳ ಎಣಿಕೆಯನ್ನು ಬಹಳ ನಿಖರವಾಗಿ ಕೊಡುವ ಸೂತ್ರ ತಮ್ಮಲ್ಲಿದೆ ಎಂದಿದ್ದರು. ಅವರು ಭಾವಿಸಿದಷ್ಟು ನಿಖರತೆ ಆ ಸೂತ್ರಕ್ಕೆ ಇರಲಿಲ್ಲ. ಈ ಕ್ಷೇತ್ರ ಎಷ್ಟು ಮೋಸಗೊಳಿಸುವಂಥದು ಎಂಬುದಕ್ಕೆ ಮರುವರ್ಷವೇ ಮತ್ತೊಂದು ನಿದರ್ಶನ ಸಿಕ್ಕಿತು: ಗೌಸ್‌ನ ಕಾಲದಿಂದ ಬಂದ ಅಂದಾಜು ಸೂತ್ರವು ಲೆಕ್ಕ ಹಾಕಿದಲ್ಲೆಲ್ಲ ನಿಜವಾದ ಎಣಿಕೆಗಿಂತ ಹೆಚ್ಚನ್ನೇ ತೋರಿಸುತ್ತಿದ್ದರೂ, ಮುಂದೆ ಅನಂತ ಬಾರಿ ಅದು ಕಡಿಮೆಯಾಗುತ್ತದೆ ಎಂದು ಲಿಟಲ್‌ವುಡ್ 1914ರಲ್ಲಿ ಸಾಧಿಸಿದರು. ಹಾಗಾಗುವ ಒಂದು ಸಂಖ್ಯೆಯನ್ನೂ ಇಂದಿಗೂ ಯಾರೂ ಬೆರಳಿಟ್ಟು ತೋರಿಸಿಲ್ಲ. ಇಂಥ ಕಡೆ ಕಣ್ಣಾಗಲಿ ಯಂತ್ರವಾಗಲಿ ತಲುಪುವುದಿಲ್ಲ, ತರ್ಕ ತಲುಪುತ್ತದೆ.

ಅದೇ ರಾಮಾನುಜನ್ 1916ರಲ್ಲಿ, ಇಂದು ಟೌ ಫಲನವೆಂದು ಕರೆಯುವ ಸಂಖ್ಯಾಶ್ರೇಣಿಯ ಕೆಲವೇ ಬೆಲೆಗಳನ್ನು ನೋಡಿ ಮೂರು ಮಾತುಗಳನ್ನು ಊಹಿಸಿದರು. ಎರಡನ್ನು ಮಾರ್ಡೆಲ್ 1917ರಲ್ಲಿಯೇ ಸಾಧಿಸಿದರು. ಮೂರನೆಯದು 1974ರವರೆಗೆ ಕಾಯಬೇಕಾಯಿತು. ಅದನ್ನು ಡೆಲಿನ್ಯ್ ಸಾಧಿಸುವ ವೇಳೆಗೆ ಸಮೀಕರಣಗಳನ್ನು ಆಕೃತಿಗಳಾಗಿ ನೋಡುವ ಬೀಜಗಣಿತೀಯ ಜ್ಯಾಮಿತಿ ಎಂಬ ಶಾಖೆಯ ತಳಹದಿಯನ್ನೇ ಹೊಸದಾಗಿ ಕಟ್ಟಬೇಕಾಗಿ ಬಂದಿತ್ತು. 1920ರಲ್ಲಿ, ಮೂವತ್ಮೂರು ತುಂಬುವ ಮೊದಲೇ ತೀರಿಕೊಂಡ ಒಬ್ಬರ ಊಹೆ ಎರಡು ತಲೆಮಾರುಗಳ ಕೆಲಸಕ್ಕೆ ದಿಕ್ಕು ತೋರಿಸಿತು. ಆದ್ದರಿಂದ ಊಹೆ ಕೀಳಲ್ಲ. ಅದನ್ನು ಸಾಧಿಸುವ ಹಾದಿಯಲ್ಲಿ ಹುಟ್ಟುವ ತಿಳಿವಳಿಕೆಯೇ ಗಣಿತಜ್ಞರ ನಿಜವಾದ ಗಳಿಕೆ.

ಆಯುಷ್ಯ ಸವೆಸುವ ಮಾತಿಗೆ ಆಂಡ್ರ್ಯೂ ವೈಲ್ಸ್ ಅವರನ್ನು ನೆನೆಯಬೇಕು. ಫರ್ಮಾನ ಕೊನೆಯ ಪ್ರಮೇಯದ (n 2ಕ್ಕಿಂತ ದೊಡ್ಡ ಪೂರ್ಣಾಂಕವಾದರೆ xⁿ + yⁿ = zⁿ ಆಗುವಂಥ ಧನ ಪೂರ್ಣಾಂಕಗಳಿಲ್ಲ ಎಂಬ ಮಾತಿನ) ಮೇಲೆ ಏಳು ವರ್ಷ ಬಹುಮಟ್ಟಿಗೆ ಗುಟ್ಟಾಗಿ ದುಡಿದು, 1993ರ ಜೂನ್‌ನಲ್ಲಿ ಫಲಿತಾಂಶವನ್ನು ಪ್ರಕಟಿಸಿದ ಮೇಲೆ ವಾದದಲ್ಲಿ ಒಂದು ಬಿರುಕು ಕಾಣಿಸಿತು. ಜಗತ್ತು ಅಭಿನಂದಿಸಿ ಆಗಿತ್ತು. ಆದರೂ ಅವರು ಮತ್ತೆ ಕುಳಿತು, ರಿಚರ್ಡ್ ಟೇಲರ್ ಅವರ ನೆರವಿನೊಂದಿಗೆ 1994ರ ಸೆಪ್ಟೆಂಬರ್‌ನಲ್ಲಿ ಅದನ್ನು ಸರಿಪಡಿಸಿದರು. ಮುಚ್ಚಿಡಬಹುದಾದ ಬಿರುಕು ಅದಾಗಿರಲಿಲ್ಲ, ಏಕೆಂದರೆ ಗಣಿತದಲ್ಲಿ ಹೆಸರಿಗೆ ರಿಯಾಯಿತಿಯಿಲ್ಲ. ಈ ಶಿಸ್ತು ನನಗೆ ಅತ್ಯಂತ ಪ್ರಿಯವಾದುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಆದರೆ ಟೌ ಫಲನವನ್ನು ಹತ್ತನೇ ತರಗತಿಗೆ ಒಯ್ಯಲಾರೆ. ಪಾಠದಲ್ಲಿರುವ 2ರ ವರ್ಗಮೂಲದಿಂದಲೇ ಇದನ್ನು ತೋರಿಸಬಹುದೇ?

ಉತ್ತರ: ನಿವೃತ್ತ ಉಪನ್ಯಾಸಕ, ಮಡಿಕೇರಿ

ಖಂಡಿತ ತೋರಿಸಬಹುದು. 99/70 ಎಂಬ ಭಿನ್ನರಾಶಿಯಿಂದ ಆರಂಭಿಸಿ. 99ರ ವರ್ಗ 9801, 70ರ ವರ್ಗದ ಎರಡರಷ್ಟು 9800. ಒಂದೇ ಒಂದು ಹೆಚ್ಚು. ಎರಡೂ ಸಮವಾಗಿದ್ದರೆ ಈ ಭಿನ್ನರಾಶಿಯೇ 2ರ ವರ್ಗಮೂಲವಾಗುತ್ತಿತ್ತು. ಆಮೇಲೆ 577/408ನ್ನು ಕೊಡಿ, ಯಜ್ಞವೇದಿಗಳ ಅಳತೆ ಹೇಳುವ ಪ್ರಾಚೀನ ಗ್ರಂಥವಾದ ಬೌಧಾಯನ ಶುಲ್ಬಸೂತ್ರದಲ್ಲಿ 2ರ ವರ್ಗಮೂಲಕ್ಕೆ ಕೊಟ್ಟಿರುವ ಅಂದಾಜು ಇದೇ ಭಿನ್ನರಾಶಿಗೆ ಸಮ. ಇಲ್ಲಿ 3,32,929 ಮತ್ತು 3,32,928. ಮತ್ತೆ ಒಂದೇ ವ್ಯತ್ಯಾಸ. ಇನ್ನೂ ದೊಡ್ಡ ಭಿನ್ನರಾಶಿಯಲ್ಲಿ ಆ ಒಂದೂ ಇಲ್ಲವಾಗಬಹುದೇ ಎಂದು ಮಕ್ಕಳೇ ಹುಡುಕಲಿ. ಭಿನ್ನರಾಶಿಗಳಿಗೆ ಕೊನೆಯಿಲ್ಲದ ಕಾರಣ ಯಾವ ಕಂಪ್ಯೂಟರ್ ಕೂಡ ಹುಡುಕಾಟವನ್ನು ಮುಗಿಸಲಾರದು. ಅವರು ಹುಡುಕಿ ಸಾಕಾದ ಮೇಲೆ, ಪಾಠದಲ್ಲಿರುವ ಅದೇ ಸಾಧನೆಯನ್ನು ಇನ್ನೊಮ್ಮೆ ಹಲಗೆಯ ಮೇಲೆ ಬರೆಯಿರಿ.