ಚಾಂಪಿಯನ್‌ಶಿಪ್‌ನಿಂದ ಸೂಪರ್ ಲೀಗಿಗೆ: ಏರಿಕೆಯೋ, ಬಡ್ತಿಯೋ?

ಗೆಳೆಯರೇ,

ಇಂಗ್ಲೆಂಡಿನ ರಗ್ಬಿ ಲೀಗ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

ಮೊದಲಿಗೆ ಹೆಸರೇ ತೊಡಕು. ಇಲ್ಲಿ 'ಲೀಗ್' ಅಂದರೆ ಟೂರ್ನಿಯಲ್ಲ, ಆಟದ ಹೆಸರಿನದೇ ಭಾಗ. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿ, ಆಗ ರಗ್ಬಿ ನಡೆಸುತ್ತಿದ್ದ ರಗ್ಬಿ ಫುಟ್‌ಬಾಲ್ ಯೂನಿಯನ್ನಿನಿಂದ ಬೇರೆಯಾದವು. ಕೆಲಸ ಬಿಟ್ಟು ಆಡಲು ಬರುವ ಗಣಿ, ಗಿರಣಿ ಕಾರ್ಮಿಕರಿಗೆ ಆ ಹೊತ್ತಿನ ಕೂಲಿ ಕಟ್ಟಿಕೊಡಬೇಕೋ ಬೇಡವೋ ಅನ್ನುವುದೇ ಜಗಳ. ಆಮೇಲೆ ನಿಯಮಗಳೂ ಬದಲಾದವು, ತಂಡಕ್ಕೆ 13 ಜನ ಆದರು, ಆಟವೇ ಬೇರೆಯಾಯಿತು. ಹಾಗಾಗಿ 'ರಗ್ಬಿ ಲೀಗಿನ ಎರಡನೇ ಲೀಗ್' ಅಂತ ಬರೆದರೆ ಓದುವವರು ತಬ್ಬಿಬ್ಬಾಗುತ್ತಾರೆ.

ಆ ಎರಡನೇ ಹಂತದ ಹೆಸರು ಚಾಂಪಿಯನ್‌ಶಿಪ್. ಮೇಲಿರುವುದು ಸೂಪರ್ ಲೀಗ್. 'ಎರಡನೇ ದರ್ಜೆ' ಅನ್ನಲು ನನಗೆ ಮನಸ್ಸಿಲ್ಲ, ಕಳಪೆ ಅಂದ ಹಾಗೆ ಕೇಳುತ್ತದೆ. ಇಲ್ಲಿ ಆಡಿದ ಬ್ಯಾಟ್ಲಿ 1897ರಲ್ಲಿ ಈ ಆಟದ ದೊಡ್ಡ ನಾಕೌಟ್ ಟೂರ್ನಿಯಾದ ಚಾಲೆಂಜ್ ಕಪ್ಪನ್ನು ಮೊಟ್ಟಮೊದಲು ಗೆದ್ದ ಕ್ಲಬ್! ಬೆಂಗಳೂರಿನ ಫುಟ್‌ಬಾಲಿನವರು 'ಸೂಪರ್ ಡಿವಿಷನ್', 'ಎ ಡಿವಿಷನ್' ಅನ್ನುತ್ತಾರಲ್ಲ, ಹಾಗೆ 'ಎರಡನೇ ಡಿವಿಷನ್' ಸಾಕು. ಮುಂದೆ 'ರಾಷ್ಟ್ರೀಯ' ಸೇರಿಸುವುದೂ ಬೇಡ. ಫ್ರಾನ್ಸಿನ ಟೂಲೂಸ್, ಕೆನಡಾದ ಟೊರಾಂಟೊ ಕೂಡ ಇದರಲ್ಲಿ ಆಡಿವೆ.

ಜಾಸ್ತಿ ತಲೆಕೆಡಿಸಿರುವುದು ಮೇಲಕ್ಕೆ ಹೋಗುವುದರ ಪದ. 2023ರ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಲಂಡನ್ ಬ್ರಾಂಕೋಸ್ ಟೂಲೂಸನ್ನು 18–14ರಿಂದ ಸೋಲಿಸಿ ಸೂಪರ್ ಲೀಗಿಗೆ ಹೋಯಿತು. ಅಲ್ಲಿ 'ಏರಿತು' ಅಂದರೆ ಮುಗಿಯಿತು. 2025ರ ಹಂಗಾಮಿನಿಂದ ಲೆಕ್ಕ ಬೇರೆ. ಆಟದ ಜೊತೆಗೆ ಅಭಿಮಾನಿಗಳು, ಹಣಕಾಸು, ಮೈದಾನ, ಊರಿನ ಜನರಲ್ಲಿ ಕ್ಲಬ್ಬಿನ ಕೆಲಸ ಎಲ್ಲ ನೋಡಿ 20ಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. 2024ರಲ್ಲಿ ವೇಕ್‌ಫೀಲ್ಡ್ ಟ್ರಿನಿಟಿ ಫೈನಲ್ ಗೆದ್ದಿದ್ದು ನಿಜ, ಆದರೆ ಮೇಲಕ್ಕೆ ಕಳಿಸಿದ್ದು ಈ ಅಂಕ. ಇದಕ್ಕೆ ನಮ್ಮ ಸರ್ಕಾರಿ ಕಚೇರಿಯ 'ಬಡ್ತಿ' ಸರಿಯಾಗಿ ಕೂರುತ್ತದೆ, ಅಲ್ವಾ? ಕೆಲಸ ಮಾಡಿದರೆ ಸಾಲದು, ಫೈಲೂ ನೆಟ್ಟಗಿರಬೇಕು.

ಹಾಗಾದರೆ ಕೆಳಗಿಳಿಯುವುದಕ್ಕೆ 'ಹಿಂಬಡ್ತಿ' ಅನ್ನೋಣವೇ? ಅದರಲ್ಲಿ ಯಾಕೋ ಶಿಕ್ಷೆಯ ವಾಸನೆ ಇದೆ. ಸೋತು ಇಳಿದ ತಂಡ ತಪ್ಪೇನೂ ಮಾಡಿರುವುದಿಲ್ಲ. ಸುಮ್ನೆ 'ಇಳಿಕೆ' ಅಂದರೆ ಬೆಲೆ ಇಳಿದ ಹಾಗಾಗುತ್ತದೆ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ನೀವು ಏನು ಬಳಸುತ್ತಿದ್ದಿರಿ ತಿಳಿಸಿ.